‘ಬಾಲಣ್ಣ ಇದ್ದಾನಾ ನೋಡು ಮಗಾ’

ಪ್ರಶ್ನೆ: ಸಿನಿಮಾ ಬಗ್ಗೆ ಏನೇ ಕೇಳಿದರೂ ನೀವು ಹೀರೋನ ಬಿಟ್ಟು ಪೋಷಕ ನಟರ ಕಡೆಗೇ ಹೋಗುತ್ತೀರಿ. ಯಾಕೆ ಇಷ್ಟೊಂದು ಪ್ರೀತಿ?
– ಒಬ್ಬ ಓದುಗರು, ರಾಜಾಜಿನಗರ

ಉತ್ತರ: ಅದು ನಮ್ಮ ಅಜ್ಜಿಯಿಂದ ಬಂದದ್ದು. ಎಂಬತ್ತರ ದಶಕದಲ್ಲಿ ನಾವು ಶ್ರೀರಾಮಪುರದ ಒಂದು ವಠಾರದಲ್ಲಿದ್ದೆವು. ಆರು ಮನೆಗೆ ಒಂದೇ ಟಿವಿ, ಅದೂ ಓನರ್ ಮನೆಯಲ್ಲಿ. ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರುವ ಸಂಜೆ ವಠಾರವೆಲ್ಲ ಅಲ್ಲೇ. ಅಜ್ಜಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬಾಗಿಲ ಪಕ್ಕ ಕೂರುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಟೈಟಲ್ ಕಾರ್ಡ್ ಶುರುವಾದ ಕೂಡಲೇ ನನ್ನ ತೊಡೆ ತಟ್ಟಿ ‘ಬಾಲಣ್ಣ ಇದ್ದಾನಾ ನೋಡು ಮಗಾ’ ಅನ್ನುತ್ತಿದ್ದರು.

ನಾನು ಜೋರಾಗಿ ಓದಬೇಕು. ಹೀರೋ ಹೀರೋಯಿನ್‌ಗೆ ಒಂದೊಂದು ಪೂರ್ತಿ ಕಾರ್ಡ್ ಇರುತ್ತಿತ್ತು, ಅದು ಸುಲಭ. ಆಮೇಲೆ ಒಂದೇ ಕಾರ್ಡಿನಲ್ಲಿ ಏಳೆಂಟು ಹೆಸರು ಒತ್ತೊತ್ತಾಗಿ ಬರೋದು, ನಾನು ಮೂರನೇ ಹೆಸರಿಗೆ ಬರುವಷ್ಟರಲ್ಲಿ ಕಾರ್ಡ್ ಬದಲಾಗಿಬಿಡೋದು, ಅಜ್ಜಿ ‘ಮಿಕ್ಕವರು ಯಾರೋ?’ ಅಂತ ಕೇಳೋರು. ಒತ್ತಕ್ಷರ ನಾನು ಕಲಿತದ್ದು ಶಾಲೆಗಿಂತ ಜಾಸ್ತಿ ಅಲ್ಲೇ. ‘ಅಶ್ವತ್ಥ್’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಒತ್ತು ಇದೆ ನೋಡಿ.

ಬಾಲಣ್ಣ ಅಂದರೆ ಟಿ.ಎನ್. ಬಾಲಕೃಷ್ಣ. ಅವರ ಹೆಸರು ಬಂತೆಂದರೆ ಅಜ್ಜಿಗೆ ಆ ಸಂಜೆಯ ಮಟ್ಟಿಗೆ ಚಿಂತೆ ಇಲ್ಲ. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅನ್ನೋದು ನನಗೆ ಗೊತ್ತಾದದ್ದು ಎಷ್ಟೋ ವರ್ಷ ಆದಮೇಲೆ. ಗೊತ್ತಾದ ಮೇಲೆ 1972ರ ‘ಬಂಗಾರದ ಮನುಷ್ಯ’ವನ್ನು ಮತ್ತೆ ಹಾಕಿಕೊಂಡು ಅವರ ರಾಚೂಟಪ್ಪನನ್ನು ಮಾತ್ರ ನೋಡಿದೆ. ರಾಜ್‌ಕುಮಾರ್ ಮಾತು ಮುಗಿಸುವ ಜಾಗದಿಂದಲೇ ಇವರು ಎತ್ತಿಕೊಳ್ಳುತ್ತಾರೆ, ಒಂದು ಚಣ ಹಿಂದೆ ಇಲ್ಲ, ಮುಂದೆ ಇಲ್ಲ. ದುಡಿದ ದುಡ್ಡನ್ನು ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೋ ಕಟ್ಟೋಕೆ ಹಾಕಿದವರು ಅವರು. ಇಂಥವರ ಹೆಸರು ಆ ಎಂಟು ಜನರ ಕಾರ್ಡಿನಲ್ಲಿ ಬಂದು ಹೋಗುತ್ತಿತ್ತು. ಆ ಕಾರ್ಡ್ ಓದದೆ ಸಿನಿಮಾ ನೋಡಲು ಇವತ್ತಿಗೂ ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಪೋಷಕ ನಟರ ಒಂದೇ ಒಂದು ದೃಶ್ಯ ಆರಿಸಿ ಅಂದರೆ ಯಾವುದು?
– ಕಾಲೇಜು ವಿದ್ಯಾರ್ಥಿನಿ, ಜಯನಗರ

ಉತ್ತರ: 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ. ಕಥೆಯ ಲೆಕ್ಕದಲ್ಲಿ ಅದು ಸಣ್ಣದು. ಆದರೆ ಆ ಮನುಷ್ಯ ಚಪ್ಪರಿಸೋದು ನೋಡಿದರೆ ಹಲ್ಲು ಜುಮ್ಮೆನ್ನುತ್ತದೆ. ರುಚಿ ನಾಲಿಗೆಯಿಂದ ಕಣ್ಣಿಗೆ ಏರುವುದು ಕಾಣುತ್ತದೆ. ಆಮೇಲೆ ಅವರು ಎಷ್ಟೇ ಪಾತ್ರ ಮಾಡಿದರೂ ಜನ ಅವರನ್ನು ಕರೆದದ್ದು ಉಪ್ಪಿನಕಾಯಿ ಲೋಕನಾಥ್ ಅಂತಲೇ. ನಾಟಕದಿಂದ ಬಂದವರು, ಕೈಯಲ್ಲಿ ಏನಿದ್ದರೂ ಸರಿ, ಅದು ನಿಜವಾಗಿ ಅವರದ್ದೇ ಅನ್ನಿಸುವ ಹಾಗೆ ಹಿಡಿಯೋರು.

ಒಂದೇ ಅಂದಿರಿ, ಆದರೂ ಇನ್ನೊಂದು ಹೇಳದೆ ಇರೋಕೆ ಆಗುತ್ತಿಲ್ಲ. ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು. ವಿಷ್ಣುವರ್ಧನ್ ಆ ಚಿತ್ರದಲ್ಲಿ ಕೆರಳಿ ನಿಂತಾಗಲೆಲ್ಲ ನನ್ನ ಕಣ್ಣು ಹೋಗೋದು ಎದುರಿಗಿರುವ ಕೆ.ಎಸ್. ಅಶ್ವತ್ಥ್ ಕಡೆಗೆ. ಅಷ್ಟು ದೊಡ್ಡ ಹುಡುಗ ಈ ಮೇಷ್ಟ್ರ ಮುಂದೆ ಮೆತ್ತಗಾಗುತ್ತಾನೆ, ಅವರ ಮಾತಿಗೆ ಕಟ್ಟುಬಿದ್ದು ಪ್ರೀತಿಸಿದ ಹುಡುಗಿಯನ್ನೇ ಬಿಡುತ್ತಾನೆ. ಅದನ್ನು ನಾವು ನಂಬುವುದು ಅಶ್ವತ್ಥ್ ಅವರ ಮುಖ ನೋಡಿಕೊಂಡೇ ಅಲ್ವಾ? ಮನೆಯೊಳಗಿನ ದೃಶ್ಯಗಳಲ್ಲಿ ತುಂಗಮ್ಮನಾಗಿ ಲೀಲಾವತಿ ಇದ್ದಾರೆ. ಅವರು ಸುಮ್ನೆ ನಿಂತು ನೋಡಿದರೂ ಸಾಕು, ಈ ಗಂಡ ಹೆಂಡತಿ ಬಹಳ ವರ್ಷದಿಂದ ಜೊತೆಯಲ್ಲಿದ್ದಾರೆ ಅಂತ ಗೊತ್ತಾಗುತ್ತದೆ.

ಪ್ರಶ್ನೆ: ನಮ್ಮ ಮಕ್ಕಳಿಗೆ ‘ಮಾಲ್ಗುಡಿ ಡೇಸ್’ ತೋರಿಸಿದೆ. ಹತ್ತು ನಿಮಿಷಕ್ಕೆ ಎದ್ದು ಹೋದರು. ತುಂಬಾ ಬೇಜಾರಾಯಿತು.
– ಗೃಹಿಣಿ, ವಿಜಯನಗರ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಸಲ ತೋರಿಸಿ. ಈ ಸಲ ಕಥೆ ಹೇಳಬೇಡಿ. ಅದರ ಚಿತ್ರೀಕರಣ ನಡೆದ ಆಗುಂಬೆಯ ಆ ಬೀದಿಯಲ್ಲಿ ಹಿಂದೆ ಯಾರು ಯಾರು ಓಡಾಡುತ್ತಾರೆ ಎಣಿಸು ಅನ್ನಿ. ಅಂಗಡಿಯವನು, ಗಾಡಿ ಹೊಡೆಯುವವನು, ಜಗಲಿ ಮೇಲೆ ಕೂತವನು, ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿ ಇರುತ್ತಾರೆ. ಕ್ಯಾಮೆರಾ ಇದೆ ಅಂತ ಯಾರೂ ತಿರುಗಿ ನೋಡುವುದಿಲ್ಲ. 1986ರ ಸುಮಾರಿಗೆ ಶಂಕರ್‌ನಾಗ್ ಈ ಟಿವಿ ಧಾರಾವಾಹಿ ಮಾಡಿದ್ದು ಹಿಂದಿ, ಇಂಗ್ಲಿಷಿನಲ್ಲಿ. ಆದರೂ ನಮ್ಮ ವಠಾರದಲ್ಲಿ ಯಾರಿಗೂ ಅದು ಬೇರೆ ಭಾಷೆ ಅನ್ನಿಸಲಿಲ್ಲ. ಕಥೆಯ ಹುಡುಗ ಸ್ವಾಮಿಯ ಅಪ್ಪ ಗಿರೀಶ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ, ಉಳಿದವರಲ್ಲೂ ಎಷ್ಟೋ ಜನ ನಮ್ಮ ನಾಟಕದವರು. ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆ ಮುಖಗಳನ್ನು ನೋಡಿಯೇ ನಗುತ್ತಿದ್ದರು.

ಪ್ರಶ್ನೆ: ನಾನು ಎಲ್ಲವನ್ನೂ ಮೊಬೈಲಿನಲ್ಲಿ, ಒಟಿಟಿಯಲ್ಲೇ ನೋಡುವವನು. ಥಿಯೇಟರ್ ಮುಚ್ಚಿದರೆ ನಿಮಗ್ಯಾಕೆ ಅಷ್ಟು ದುಃಖ? ಸಿನಿಮಾ ಅದೇ ತಾನೆ?
– ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಉತ್ತರ: ದುಃಖ ಇದ್ದೇ ಇದೆ. ಪ್ಲಾಜಾ ಇದ್ದ ಜಾಗದಲ್ಲಿ ಈಗ ಎಂ.ಜಿ. ರಸ್ತೆ ಮೆಟ್ರೋ ನಿಲ್ದಾಣ. ಕಪಾಲಿ ಹೋಯಿತು. ರೆಕ್ಸ್ ಹೋಯಿತು. 1974ರಿಂದ ಇದ್ದ ಕಾವೇರಿ 2024ರಲ್ಲಿ ಮುಚ್ಚಿತು. ಬಸ್ಸಿನಲ್ಲಿ ಕಂಡಕ್ಟರ್ ‘ಕಾವೇರಿ ಥಿಯೇಟರ್’ ಅಂತ ಕೂಗಿದರೆ ಈಗಲೂ ಕಣ್ಣು ಆ ಕಡೆಗೇ ಹೋಗುತ್ತದೆ. ಆದರೆ ಮೊಬೈಲಿನಲ್ಲಿ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಸೇರಿ ಒಂದು ಸಂಸಾರ ಸಿನಿಮಾಕ್ಕೆ ಹೋಗಿ ಬರೋದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ನಿಜವಾಗಿ ನೋವಾಗುವುದು ಆ ಸ್ಕಿಪ್ ಬಟನ್‌ನಿಂದ. ಸಿನಿಮಾ ಮುಗಿದು ಹೆಸರುಗಳು ಮೇಲೇರೋಕೆ ಶುರುವಾಗಿರುತ್ತದೆ, ಅಷ್ಟರಲ್ಲಿ ತೆರೆ ಮೂಲೆಗೆ ಕುಗ್ಗಿ ಮುಂದಿನ ಟ್ರೈಲರ್ ಬಂದುಬಿಡುತ್ತದೆ. ಆರು ತಿಂಗಳು ಬಿಸಿಲಲ್ಲಿ ಲೈಟ್ ಹೊತ್ತವರು, ಬಟ್ಟೆ ಹೊಲಿದವರು, ಒಂದೇ ಸೀನಿಗೆ ಬಂದು ಹೋದ ಅಜ್ಜಿ, ಇವರೆಲ್ಲರ ಹೆಸರು ಅಲ್ಲೇ ಇರೋದು, ಬೇರೆಲ್ಲೂ ಪೋಸ್ಟರ್ ಇಲ್ಲ ಅವರಿಗೆ. ಇವತ್ತು ರಾತ್ರಿ ಏನೇ ನೋಡಿದರೂ ಆ ಮೂಲೆಯ ಪುಟ್ಟ ಚೌಕವನ್ನು ಮತ್ತೆ ಒತ್ತಿ ದೊಡ್ಡದು ಮಾಡಿ ಓದಿ. ಮೂರು ನಾಲ್ಕು ನಿಮಿಷ ಅಷ್ಟೇ.

ಪ್ರಶ್ನೆ: ಹೊಸ ಸಿನಿಮಾಗಳಲ್ಲಿ ಇಂಥ ನಟರು ಇಲ್ಲವೇ ಇಲ್ಲ ಅನ್ನುತ್ತೀರಾ?
– ಒಬ್ಬ ಓದುಗರು, ಯಲಹಂಕ

ಉತ್ತರ: ಖಂಡಿತ ಅನ್ನುವುದಿಲ್ಲ. ‘ತಿಥಿ’ ನೋಡಿ. ಮಂಡ್ಯ ಕಡೆಯ ಹಳ್ಳಿ ಜನ, ಮುಂಚೆ ಕ್ಯಾಮೆರಾ ಎದುರಿಸಿದವರಲ್ಲ. ಆ ಸಿನಿಮಾಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ಅದರ ಮುದುಕ ಗಡ್ಡಪ್ಪ ನಡೆದುಕೊಂಡು ಹೋಗುವುದನ್ನು ಹಿಂದಿನಿಂದ ನೋಡುತ್ತಾ ನಾನು ಇನ್ನೂ ಅರ್ಧ ಗಂಟೆ ಕೂರಬಲ್ಲೆ.

ಪ್ರಶ್ನೆ: ಧಾರಾವಾಹಿ ನೋಡೋದು ಟೈಮ್ ವೇಸ್ಟ್ ಅಂತ ಮನೆಯವರು ಬೈಯುತ್ತಾರೆ. ನೀವೇನಂತೀರಿ?
– ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ಉತ್ತರ: ನೋಡಿ ಮೇಡಂ, ಧೈರ್ಯವಾಗಿ ನೋಡಿ. ‘ಗುಡ್ಡದ ಭೂತ’, ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬಂದ ಕಾಲದಿಂದಲೂ ನಮ್ಮ ರಂಗಭೂಮಿಯ ಎಷ್ಟೋ ನಟರಿಗೆ ಟಿವಿಯೇ ಅನ್ನ ಕೊಟ್ಟಿದೆ. ಈಗಿನ ಕೆಲವು ಕಥೆ ಎಳೆಯುತ್ತವೆ, ಅದು ನಿಜ. ಆದರೆ ದಿನಾ ಬೆಳಿಗ್ಗೆ ಮೇಕಪ್ ಹಾಕಿಕೊಂಡು, ಬಿಸಿ ಬಿಸಿ ಕೈಗೆ ಬಂದ ಡೈಲಾಗನ್ನು ಆಗಲೇ ಬಾಯಿಪಾಠ ಮಾಡಿ, ಸಂಜೆವರೆಗೆ ಅತ್ತು ನಗುವ ಆ ಅತ್ತೆ ಪಾತ್ರದವರ ಕೆಲಸ ಸಣ್ಣದಲ್ಲ.

ಪ್ರಶ್ನೆ: ನಮ್ಮ ತಂದೆ ಎಪ್ಪತ್ತರ ದಶಕದಲ್ಲಿ ಎರಡು ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದ್ದರು. ಈಗ ಅವರಿಲ್ಲ. ಒಂದರ ಟೈಟಲ್ ಕಾರ್ಡಿನಲ್ಲಿ ಹೆಸರೇ ಇಲ್ಲ. ಅವರು ಅದರಲ್ಲಿ ಇದ್ದರು ಅನ್ನೋದಕ್ಕೆ ಏನಾದರೂ ದಾಖಲೆ ಸಿಗುತ್ತದಾ?
– ಒಬ್ಬ ಓದುಗರು, ಹನುಮಂತನಗರ

ಉತ್ತರ: ನಿಮ್ಮ ಪತ್ರ ಮೂರು ಸಲ ಓದಿದೆ. ಮೊದಲು ಆ ಸಿನಿಮಾದ ಹಾಡಿನ ಪುಸ್ತಕ ಹುಡುಕಿ. ಆಗ ಥಿಯೇಟರ್ ಬಾಗಿಲಲ್ಲೇ ಮಾರುತ್ತಿದ್ದರಲ್ಲ, ತೆಳ್ಳಗಿನ ಕಾಗದ, ಒಳಗೆ ಕಥೆಯ ಸಾರಾಂಶ, ಕೊನೆಯಲ್ಲಿ ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’. ಅದರ ಪಾತ್ರವರ್ಗದ ಪಟ್ಟಿಯಲ್ಲಿ ಕೆಲವು ಸಲ ತೆರೆ ಮೇಲೆ ಬಾರದ ಹೆಸರೂ ಇರುತ್ತದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ, ಒಂದು ದಿನಕ್ಕೆ ಸಿಗದಿದ್ದರೆ ಮತ್ತೆ ಹೋಗಿ. ಆ ವರ್ಷದ ಸಿನಿಮಾ ಪತ್ರಿಕೆಗಳನ್ನು ಲೈಬ್ರರಿಯಲ್ಲಿ ತಿರುವಿ ಹಾಕಿ. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, ಅಲ್ಲಿ ಸ್ಟಿಲ್ ಫೋಟೋ, ಪೋಸ್ಟರ್, ಹಾಡಿನ ಪುಸ್ತಕ ಎಲ್ಲ ಇಡುತ್ತಾರೆ, ಒಂದು ಕಾಗದ ಬರೆದು ನೋಡಿ.

ಇಷ್ಟರ ಜೊತೆಗೆ ಇನ್ನೊಂದು ಕೆಲಸ ಇವತ್ತೇ ಆಗುತ್ತದೆ. ಆ ಸಿನಿಮಾ ಯೂಟ್ಯೂಬಿನಲ್ಲಿದ್ದರೆ ಹಾಕಿ, ತಂದೆಯವರು ಬರುವ ಜಾಗದಲ್ಲಿ ನಿಲ್ಲಿಸಿ, ಎಷ್ಟನೇ ನಿಮಿಷ, ಯಾವ ಬಣ್ಣದ ಅಂಗಿ, ಪಕ್ಕದಲ್ಲಿ ಯಾರು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ತಾಯಿ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಿಮಗೆ ಗೊತ್ತಾಗದ ಮುಖಗಳು ಅವರಿಗೆ ಗೊತ್ತಾಗುತ್ತವೆ. ಸಿನಿಮಾದ ಹೆಸರು, ನಿಮಿಷ ಎರಡನ್ನೂ ನನಗೂ ಬರೆದು ಕಳಿಸಿ. ಭಾನುವಾರ ಸಂಜೆ ಹಾಕಿಕೊಂಡು ನೋಡುತ್ತೇನೆ. ಅವರು ಬಂದಾಗ ಹೆಸರು ಜೋರಾಗಿ ಹೇಳುತ್ತೇನೆ.