ಬೆಟ್ಟಕ್ಕೆ ರೇಡಾರ್ ಸಾಕು, ಹಳಿಗೆ ಹಳದಿ ಬೋರ್ಡು ಬೇಕು

ಪ್ರಶ್ನೆ: ಓಪನ್ ರೈಲ್ಸ್ ಅನ್ನುವ ರೈಲು ಓಡಿಸುವ ಸಿಮ್ಯುಲೇಟರ್‌ಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯ ರೂಟ್ ಮಾಡುತ್ತಿದ್ದೇನೆ. ರೂಟ್ ಕಟ್ಟುವ ಟಿಎಸ್‌ಆರ್‌ಇ ಎಡಿಟರ್‌ಗೆ ಎಸ್‌ಆರ್‌ಟಿಎಂ, ಅಂದರೆ ಬಾಹ್ಯಾಕಾಶದಿಂದ ರೇಡಾರ್ ಅಳೆದ ಎತ್ತರದ ಡೇಟಾ ತುಂಬಿಸಿದೆ. ಬೆಟ್ಟಗಳು ಚೆನ್ನಾಗಿಯೇ ಬಂದವು. ಆದರೆ ನೆಲಕ್ಕೆ ಅಂಟಿಸಿ ಹಳಿ ಹಾಕಿದರೆ ಗಾಡಿ ಎತ್ತಿನ ಬಂಡಿ ಹಾಗೆ ಕುಣಿಯುತ್ತದೆ. ಸುರಂಗ ಇರಬೇಕಾದ ಕಡೆ ಗುಡ್ಡ ಹತ್ತಿ ಇಳಿಯುತ್ತದೆ. ಇದಕ್ಕಿಂತ ಒಳ್ಳೆಯ ಡೇಟಾ ಸಿಗುತ್ತದಾ?

ಉತ್ತರ: ಡೇಟಾ ಬದಲಾಯಿಸಿದರೂ ಕುಣಿತ ನಿಲ್ಲುವುದಿಲ್ಲ. ತಪ್ಪಿರುವುದು ಡೇಟಾದಲ್ಲಲ್ಲ, ಅದರ ಮೇಲೆ ಹಳಿ ಹಾಸಿದ್ದರಲ್ಲಿ.

ಲೆಕ್ಕ ಹಾಕಿ ನೋಡಿ. ಈ ಘಾಟಿಯ ಏರು 50ಕ್ಕೆ 1. ಅಂದರೆ 50 ಮೀಟರ್ ಹೋದರೆ 1 ಮೀಟರ್ ಹತ್ತಬೇಕು. ನಿಮ್ಮ ಡೇಟಾದಲ್ಲಿ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಸುಮಾರು 30 ಮೀಟರ್. ಅಷ್ಟರಲ್ಲಿ ಹಳಿ ಏರುವುದು ಬರೀ 60 ಸೆಂ.ಮೀ. ಆದರೆ ಈ ಡೇಟಾ ಬರುವ ಎಚ್‌ಜಿಟಿ ಫೈಲು ಎತ್ತರವನ್ನು ಪೂರ್ತಿ ಮೀಟರ್‌ಗಳಲ್ಲೇ ಬರೆದಿಡುತ್ತದೆ, ಅದರಲ್ಲಿ 60 ಸೆಂ.ಮೀ. ಅನ್ನುವುದೇ ಇಲ್ಲ. ಒಂದೋ ಸೊನ್ನೆ, ಇಲ್ಲಾ ಒಂದು. ಹಾಗಾಗಿ ಅಳತೆ ಕರಾರುವಾಕ್ಕಾಗಿದ್ದರೂ ನಿಮ್ಮ ಹಳಿ 30 ಮೀಟರ್ ಸಮತಟ್ಟು, ಮುಂದಿನ 30 ಮೀಟರ್ 30ಕ್ಕೆ 1 ಏರು, ಮತ್ತೆ ಸಮತಟ್ಟು ಅಂತ ಮೆಟ್ಟಿಲಾಗುತ್ತದೆ. ಇನ್ನು ಅಳತೆಯೇ ಐದಾರು ಮೀಟರ್ ಆಚೀಚೆ ಆದರೆ ಕೇಳಬೇಕಾ?

ಆಚೀಚೆ ಆಗಿಯೇ ಆಗುತ್ತದೆ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಅಳೆದ ಎತ್ತರ ಇದು. ರೇಡಾರ್ ಅಲೆ ಕಾಡಿನ ನೆಲದವರೆಗೆ ಪೂರ್ತಿ ಇಳಿಯುವುದಿಲ್ಲ, ಎಲೆ ಕೊಂಬೆಗಳ ನಡುವಿನಿಂದಲೇ ಬಹುಪಾಲು ವಾಪಸ್ ಬರುತ್ತದೆ. ಎಡಕುಮೇರಿ ಸುತ್ತಮುತ್ತಲ ದಟ್ಟ ಕಾಡಿನಲ್ಲಿ ನೀವು ನೆಲ ಅಂದುಕೊಂಡದ್ದು ಎಷ್ಟೋ ಕಡೆ ನಿಜವಾದ ನೆಲಕ್ಕಿಂತ ಮೇಲಿರುತ್ತದೆ. ಹಳಿಗಾಗಿ ಗುಡ್ಡ ಕಡಿದ ಕಿರಿದಾದ ಕಟಿಂಗ್ 30 ಮೀಟರ್ ಚೌಕದಲ್ಲಿ ಕರಗಿಹೋಗಿರುತ್ತದೆ. ಸುರಂಗವಂತೂ ರೇಡಾರ್‌ಗೆ ಕಾಣುವುದೇ ಇಲ್ಲ. ಈ ದಾರಿಯಲ್ಲಿ ಸುರಂಗಗಳೇ 57.

ಆದ್ದರಿಂದ ಡೇಟಾ ಬೆಟ್ಟಕ್ಕಿರಲಿ. ಹಳಿಯ ಎತ್ತರ ರೈಲ್ವೆಯವರಿಂದಲೇ ತಗೊಳ್ಳಿ. ಪ್ಲಾಟ್‌ಫಾರ್ಮಿನ ತುದಿಯ ಹಳದಿ ಬೋರ್ಡು ನೋಡಿರುತ್ತೀರಲ್ವಾ? ಊರಿನ ಹೆಸರಿನ ಕೆಳಗೆ ಸಣ್ಣಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುತ್ತದೆ. ಸಕಲೇಶಪುರ, ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು, ಸುಬ್ರಹ್ಮಣ್ಯ ರೋಡ್: ಈ ಬೋರ್ಡುಗಳ ಫೋಟೊ ಗುಡ್ಡೆ ಹಾಕಿಕೊಳ್ಳಿ. ಎರಡು ಸ್ಟೇಷನ್ನಿನ ಎತ್ತರದ ವ್ಯತ್ಯಾಸವನ್ನು ನಡುವಿನ ಹಳಿಯ ಉದ್ದದಿಂದ ಭಾಗಿಸಿ. ಕಿಲೋಮೀಟರಿಗೆ 20 ಮೀಟರ್‌ಗಿಂತ ಜಾಸ್ತಿ ಬಂತೋ, ಎಲ್ಲೋ ಅಂಕಿ ತಪ್ಪಿದೆ ಅಂತಲೇ ಅರ್ಥ. ಹೆಚ್ಚಾಗಿ ಉದ್ದದ ಅಂಕಿಯೇ ತಪ್ಪಿರುತ್ತದೆ, ತಿರುವು ಬಿಟ್ಟು ನೇರ ಗೆರೆ ಅಳೆದಿರುತ್ತೇವೆ.

ಹಾಗಂತ ಸ್ಟೇಷನ್ನಿಂದ ಸ್ಟೇಷನ್ನಿಗೆ ಒಂದೇ ಇಳಿಜಾರು ಎಳೆದುಬಿಡಬೇಡಿ. ಸ್ಟೇಷನ್ ಯಾರ್ಡ್ ಹೆಚ್ಚುಕಡಿಮೆ ಸಮತಟ್ಟು ಇರಬೇಕು. ಸಾಮಾನ್ಯ ನಿಯಮದ ಪ್ರಕಾರ 400ಕ್ಕೆ 1ಕ್ಕಿಂತ ಕಡಿದಾಗಿ ಇರುವಂತಿಲ್ಲ. ನಿಂತ ಬೋಗಿ ತಾನಾಗಿ ಉರುಳಬಾರದಲ್ಲ. ಯಾರ್ಡ್ ಮೊದಲು ಹಾಕಿ, ಉಳಿದ ಇಳಿತವನ್ನು ನಡುವಿನ ದಾರಿಗೆ ಹಂಚಿ. ಏರು ಎಷ್ಟು ಅಂತ ತೋರಿಸುವ ಹಳಿ ಪಕ್ಕದ ಗ್ರೇಡಿಯಂಟ್ ಕಂಬಗಳು ಯಾವುದಾದರೂ ವಿಡಿಯೊದಲ್ಲಿ ಕಂಡರೆ ಇನ್ನೂ ಒಳ್ಳೆಯದು.

ಹಳಿ ಕೂತ ಮೇಲೆ ನೆಲವನ್ನು ಹಳಿಗೆ ಹೊಂದಿಸಿ. ಅದಕ್ಕೆ ಟಿಎಸ್‌ಆರ್‌ಇಯಲ್ಲೇ ಟೂಲ್ ಇದೆ. ನೆಲ ಕೆಳಗಿದ್ದ ಕಡೆ ಮಣ್ಣಿನ ಏರಿ ಏಳುತ್ತದೆ, ಮೇಲಿದ್ದ ಕಡೆ ಕಟಿಂಗ್ ಆಗುತ್ತದೆ. ಸುರಂಗದ ಬಾಯಿ ಮತ್ತು ಸೇತುವೆ ಬಂದಾಗ ಮಾತ್ರ ಕೈ ತಡೆಯಿರಿ. ನಾನು ಮೊದಲ ರೂಟಿನಲ್ಲಿ ಒಂದು ಕಡೆಯಿಂದ ಇದನ್ನು ಒತ್ತುತ್ತಾ ಹೋಗಿ, ಸೇತುವೆ ಕೆಳಗಿನ ಹಳ್ಳವನ್ನೆಲ್ಲ ಮಣ್ಣು ತುಂಬಿ ಮುಚ್ಚಿದ್ದೆ. ಕೊನೆಗೆ ಓಪನ್ ರೈಲ್ಸ್‌ನಲ್ಲಿ ಎಫ್4 ಒತ್ತಿ ಟ್ರ್ಯಾಕ್ ಮಾನಿಟರ್ ತೆರೆದು ಗಾಡಿ ಓಡಿಸಿ. ಏರು 2 ಶೇಕಡಾ ದಾಟಿದ ಜಾಗ ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ಮಾತು. ಇಡೀ ಘಾಟಿ ಎನ್12ಇ075 ಅನ್ನುವ ಒಂದೇ ಫೈಲಿನಲ್ಲಿ ಕೂರುತ್ತದೆ. ಫೈಲಿನ ಹೆಸರು ಆ ಚೌಕದ ನೈಋತ್ಯ ಮೂಲೆಯದು. ಆದರೆ ಸಕಲೇಶಪುರದಿಂದ 13 ಡಿಗ್ರಿ ಗೆರೆಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಎನ್13ಇ075 ಇಳಿಸಿಕೊಳ್ಳದಿದ್ದರೆ ಉತ್ತರದ ದೂರದ ಬೆಟ್ಟಗಳೆಲ್ಲ ನಾಪತ್ತೆ.

ಪ್ರಶ್ನೆ: ಇಸ್ರೋದ ನಕ್ಷೆ ತಾಣ ಭುವನ್‌ನಿಂದ ಕಾರ್ಟೊಡೆಮ್ ಅನ್ನುವ ಎತ್ತರದ ಡೇಟಾ ಇಳಿಸಿಕೊಂಡೆ. ಮಂಗಳೂರಿನ ಕಡಲ ತೀರ ಮೈನಸ್ 80 ಮೀಟರ್‌ಗಿಂತ ಕೆಳಗೆ ತೋರಿಸುತ್ತಿದೆ. ಫೈಲ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಎಸ್‌ಆರ್‌ಟಿಎಂ ಸಮುದ್ರ ಮಟ್ಟದಿಂದ ಅಳೆಯುತ್ತದೆ. ಕಾರ್ಟೊಡೆಮ್ ಅಳೆಯುವುದು ಲೆಕ್ಕದ ಭೂಮಿಯಿಂದ, ಅಂದರೆ ಎಲಿಪ್ಸಾಯ್ಡ್ ಅನ್ನುವ ನುಣ್ಣನೆಯ ಆಕಾರದಿಂದ. ನಿಜವಾದ ಸಮುದ್ರ ಹಾಗೆ ನುಣ್ಣಗಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಗುರುತ್ವಾಕರ್ಷಣೆ ಕಡಿಮೆ, ಅಲ್ಲಿ ಸಮುದ್ರದ ಮೈ ಆ ಆಕಾರಕ್ಕಿಂತ 100 ಮೀಟರಿಗೂ ಜಾಸ್ತಿ ತಗ್ಗಿದೆ. ಆ ತಗ್ಗಿನ ಅಂಚಿನಲ್ಲೇ ನಮ್ಮ ಕರಾವಳಿ ಇರುವುದು.

ಸಣ್ಣ ರೂಟಿನೊಳಗೆ ಈ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಇರುತ್ತದೆ. ಎಲ್ಲ ಚುಕ್ಕೆಗೂ ಅಷ್ಟನ್ನೇ ಕೂಡಿಸಿದರೆ ಕೆಲಸ ಮುಗಿಯಿತು. ಎರಡು ಡೇಟಾವನ್ನು ಸುಮ್ನೆ ಪಕ್ಕಪಕ್ಕ ಜೋಡಿಸಲು ಮಾತ್ರ ಹೋಗಬೇಡಿ, ಜೋಡಿಸಿದ ಗೆರೆಯಲ್ಲಿ 80 ಮೀಟರಿನ ಪ್ರಪಾತ ನಿಲ್ಲುತ್ತದೆ.

ಪ್ರಶ್ನೆ: ಎತ್ತರದ ಡೇಟಾ ಇದ್ದ ಟಿಫ್ ಫೈಲನ್ನು ನಾನೇ ಎಚ್‌ಜಿಟಿಗೆ ಬದಲಾಯಿಸಿದೆ. ನೆಲದ ತುಂಬ ಪಾತಾಳ ಬಾವಿಗಳು, ಮುಳ್ಳುಗಳು.

ಉತ್ತರ: ಬೈಟ್‌ಗಳು ತಿರುಗುಮುರುಗಾಗಿವೆ. ಎಚ್‌ಜಿಟಿಯಲ್ಲಿ ಒಂದು ಎತ್ತರಕ್ಕೆ ಎರಡು ಬೈಟ್, 256ರ ಲೆಕ್ಕದ್ದು ಮೊದಲು ಬರಬೇಕು. 900 ಮೀಟರ್ ಅಂದರೆ 3, ಆಮೇಲೆ 132 (3×256 + 132). ಇದನ್ನೇ 132, ಆಮೇಲೆ 3 ಅಂತ ಓದಿದರೆ ಮೈನಸ್ 31741 ಮೀಟರ್! ಅದೇ ನಿಮ್ಮ ಬಾವಿ. ಕೈಯಿಂದ ಮಾಡುವ ಬದಲು ನಕ್ಷೆ ಫೈಲು ಬದಲಾಯಿಸುವ ಜಿಡಾಲ್ ತಂತ್ರಾಂಶದಲ್ಲಿ ಎಸ್‌ಆರ್‌ಟಿಎಂ ಎಚ್‌ಜಿಟಿ ಅನ್ನುವ ಮಾದರಿ ಆರಿಸಿ ಬದಲಾಯಿಸಿ, ಅದು ಈ ಕ್ರಮವನ್ನು ತಾನೇ ನೋಡಿಕೊಳ್ಳುತ್ತದೆ. ಆದ ಮೇಲೆ ಫೈಲಿನ ಗಾತ್ರ ನೋಡಿ. 30 ಮೀಟರಿನದಾದರೆ ಸರಿಯಾಗಿ 2,59,34,402 ಬೈಟ್ ಇರಬೇಕು. ಎಲ್ಲ ಸರಿಯಿದ್ದೂ ಅಲ್ಲೊಂದು ಇಲ್ಲೊಂದು ಬಾವಿ ಉಳಿದರೆ ಅದು ಮೈನಸ್ 32768, ಅಂದರೆ ಅಳತೆ ಸಿಗದ ಜಾಗದ ಗುರುತು. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಸುತ್ತಲಿನ ಎತ್ತರದಿಂದ ತುಂಬಿಕೊಳ್ಳಬಹುದು.