ರಾಣಿ ಎಲಿಜಬೆತ್ ಕತ್ತಿನ ನೆರಿಗೆಗೆ ನಮ್ಮ ಸಬ್ಬಕ್ಕಿ ಗಂಜಿ

ಅಕ್ಕ, ಹ್ಯಾಲೊವೀನ್‌ಗೆ (ಅಕ್ಟೋಬರ್ 31ರ ರಾತ್ರಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುವ ಹಬ್ಬ) ಎಂಟು ವರ್ಷದ ಮಗಳು ಹದಿನಾರನೇ ಶತಮಾನದ ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿ ಆಗಬೇಕು, ಗೌನ್ ಸಿಕ್ಕಿದೆ, ಕತ್ತಿನ ಸುತ್ತ ತಟ್ಟೆಯ ಹಾಗೆ ನಿಲ್ಲುವ ಬಿಳಿ ನೆರಿಗೆ, ಮುತ್ತಿನ ಸರ, ಬೀಸಣಿಗೆ ಮನೆಯಲ್ಲೇ ಮಾಡೋದು ಹೇಗೆ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಮುಕ್ಕಾಲು ಸಮಯ ಕತ್ತಿನ ನೆರಿಗೆಗೇ ಕೊಡಿ. ರಾಣಿ ಅಂತ ಗುರುತು ಸಿಗುವುದೇ ಅದರಿಂದ.

ಕಾಫಿ ಫಿಲ್ಟರ್ ಕಾಗದದಲ್ಲಿ ಮಾತ್ರ ಮಾಡಬೇಡಿ. ಎರಡು ವರ್ಷದ ಹಿಂದೆ ನಾನು ಮಾಡಿದ್ದೆ. ಮೂರನೇ ಮನೆ ಬಾಗಿಲು ತಟ್ಟುವಷ್ಟರಲ್ಲಿ ಜಿಟಿಜಿಟಿ ಮಳೆ ಶುರುವಾಗಿ, ನೆಂದ ಹಪ್ಪಳದ ಹಾಗೆ ಮಗಳ ಹೆಗಲಿಗೆ ಜೋತುಬಿತ್ತು. ಗಂಜಿ ಹಾಕಿದ ಬಟ್ಟೆಯೂ ಮಳೆಗೆ ಮೆತ್ತಗಾಗುತ್ತದೆ, ಆದರೆ ಹರಿಯುವುದಿಲ್ಲ. 1583ರಲ್ಲೇ ಒಬ್ಬ ಇಂಗ್ಲಿಷ್ ಲೇಖಕ ಇದನ್ನೇ ಆಡಿಕೊಂಡು, ಗಂಜಿಯನ್ನು ಸೈತಾನನ ನೀರು ಅಂತ ಬೈದಿದ್ದ! ಒಂದು ಕೊಡೆ ಜೊತೆಗಿರಲಿ.

ಮನೆಯಲ್ಲಿ ಹಳೇ ಎಂಟು ಮೊಳದ ಪಂಚೆ ಇದೆಯಾ? ಉದ್ದ ಸರಿಹೋಗುತ್ತದೆ. ಅಂಚು ಬಿಟ್ಟು 5 ಇಂಚು ಅಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಎರಡಾಗಿ ಮಡಚಿ. ಮಡಿಕೆ ಹೊರಗೆ ಬರಲಿ, ಹೆಮ್ಮಿಂಗ್ ಕೆಲಸ ಉಳಿಯಿತು. ಕತ್ತಿನ ಕಡೆ ಇಂಚಿಗೊಂದು ಚುಕ್ಕೆ ಇಟ್ಟು, ಚುಕ್ಕೆಗಳ ಮೇಲೇ ಎರಡು ಸಾಲು ಕಚ್ಚಾ ಹೊಲಿಗೆ ಹಾಕಿ. ಮೇಲಿನ ಹೊಲಿಗೆಯ ಕೆಳಗೇ ಕೆಳಗಿನದು ಬರಬೇಕು, ಇಲ್ಲದಿದ್ದರೆ ನೆರಿಗೆ ಸೊಟ್ಟಗಾಗುತ್ತದೆ. ಎರಡೂ ದಾರ ಒಟ್ಟಿಗೆ ಎಳೆದರೆ ಸೀರೆ ನೆರಿಗೆ ಹಿಡಿದ ಹಾಗೇ ಕೂರುತ್ತದೆ. ಮಗುವಿನ ಕತ್ತಿನ ಅಳತೆಗೆ ಎಳೆದು, ಒಂದು ಪಟ್ಟಿಗೆ ಹೊಲಿದುಬಿಡಿ.

ಗಂಜಿಗೆ ಎರಡು ಚಮಚ ಸಬ್ಬಕ್ಕಿ, ಎರಡು ಲೋಟ ನೀರು. ಕಾಳು ಪೂರ್ತಿ ಕರಗಿದ ಮೇಲೆ ಬಟ್ಟೆಯಲ್ಲಿ ಸೋಸಿ. ಸೀರೆಗೆ ಹಾಕುವುದಕ್ಕಿಂತ ಗಟ್ಟಿ ಇರಲಿ. ಅದ್ದಿ, ಹಿಂಡಿ, ಅರ್ಧ ಒಣಗಿದಾಗ ಒಂದೊಂದು ನೆರಿಗೆಯ ಒಳಗೂ ಚಾಪ್‌ಸ್ಟಿಕ್ ತೂರಿಸಿ. ಹೋದ ವರ್ಷ ನಾನು ಕಲರ್ ಪೆನ್ಸಿಲ್ ತೂರಿಸಿ ಕೆಂಪು ಗೆರೆ ಮಾಡಿಕೊಂಡೆ, ಸುಮ್ನೆ ಎಲ್ಲ ಮತ್ತೆ ಒಗೆಯಬೇಕಾಯಿತು. ಆ ಕಾಲದಲ್ಲಿ ಕಾಯಿಸಿದ ಕಬ್ಬಿಣದ ಕಡ್ಡಿ ತೂರಿಸುತ್ತಿದ್ದರು. ಪೂರ್ತಿ ಒಣಗಿದ ಮೇಲೆ ಹೊರಗಿನ ತುದಿಯಲ್ಲಿ ಅಕ್ಕಪಕ್ಕದ ನೆರಿಗೆಗಳಿಗೆ ಒಂದೊಂದು ಹೊಲಿಗೆ ಹಾಕಿದರೆ ನೆರಿಗೆಯ 8ರಂಥ ಆಕಾರ ಅಲ್ಲಾಡುವುದಿಲ್ಲ.

ಅಂದ ಹಾಗೆ, 1564ರಲ್ಲಿ ಫ್ಲಾಂಡರ್ಸ್‌ನಿಂದ (ಈಗಿನ ಬೆಲ್ಜಿಯಂ ಕಡೆ) ಲಂಡನ್‌ಗೆ ಬಂದ ಡಿಂಗೆನ್ ವಾನ್ ಡೆರ್ ಪ್ಲಾಸ್ಸೆ ಎಂಬಾಕೆ ಗಂಜಿ ಹಾಕುವುದನ್ನು ಕಲಿಸಲು 4–5 ಪೌಂಡ್ ತೆಗೆದುಕೊಳ್ಳುತ್ತಿದ್ದಳು. ಗಂಜಿ ಕಾಯಿಸುವುದನ್ನು ಕಲಿಸುವುದಕ್ಕೆ ಬೇರೆ ಫೀಸು, 20 ಶಿಲ್ಲಿಂಗ್. ನಮಗೆಲ್ಲ ಅಮ್ಮ ಬಿಟ್ಟಿ ಕಲಿಸಿದ್ದು, ಅಲ್ವಾ?

ಸರಕ್ಕೆ ಪ್ಲಾಸ್ಟಿಕ್ ಮುತ್ತು ಸಾಕು. ಸೊಂಟದವರೆಗೆ ಇಳಿಬಿಟ್ಟು, ಮೂರು ಕಡೆ ಗೌನ್‌ಗೇ ಹೊಲಿಯಿರಿ, ಓಡುವಾಗ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಮನೆಯ ಜುಮುಕಿ ಹಾಕಿಸಬೇಡಿ, ರಾಣಿ ಹೋಗಿ ಮದುವೆಮನೆ ಹುಡುಗಿ ಆಗುತ್ತಾಳೆ. ಬೀಸಣಿಗೆಗೆ ಮರದ ಸೌಟಿನ ಹಿಡಿ, ತುದಿಗೆ ಒಂದು ಹಿಡಿ ಬಿಳಿ ಗರಿ ಕಟ್ಟಿ, ಅಷ್ಟೇ.

ಕತ್ತಿನ ಹಿಂದೆ ಗಂಟು ಬೇಡ, ಎಳೆದರೆ ಬಿಚ್ಚಿಕೊಳ್ಳುವ ವೆಲ್ಕ್ರೋ ಇರಲಿ. ಕುಂಬಳಕಾಯಿ ಒಳಗಿನ ಮೇಣದಬತ್ತಿ ಹತ್ತಿರ ಬಗ್ಗದಂತೆ ಹೇಳಿಕೊಡಿ. ಗಂಜಿ ಕೆಲಸ ಅಕ್ಟೋಬರ್ 28ಕ್ಕೇ ಮುಗಿಸಿ, ಈ ಚಳಿಯಲ್ಲಿ ನಮ್ಮ ಮನೆಯಲ್ಲಿ ಒಣಗಲು ಒಂದೂವರೆ ದಿನ ಹಿಡಿಯಿತು.