ಸೀಝಡ್ 52: ಕುದುರೆ ಬೀಳುತ್ತದೆ, ಗುಂಡು ಹಾರುವುದಿಲ್ಲ

ನಿಮ್ಮ ಹಳೆಯ ಸೀಝಡ್ 52 ಪಿಸ್ತೂಲಿನಲ್ಲಿ ಕುದುರೆ (ಹಿಂದಿನಿಂದ ಬಡಿಯುವ ಸುತ್ತಿಗೆಯಂಥ ಭಾಗ) ಬಡಿದರೂ ಗುಂಡು ಹಾರುತ್ತಿಲ್ಲ, ತೋಟೆಯ ಪ್ರೈಮರ್ ಮೇಲೆ, ಅಂದರೆ ಅದರ ಬುಡದ ಕಿಡಿ ಹೊತ್ತಿಸುವ ಬಿಲ್ಲೆಯ ಮೇಲೆ, ಗುರುತೇ ಇಲ್ಲ ಅಂದಿರಿ. ನನ್ನ ಅನುಮಾನ ನೇರವಾಗಿ ಫೈರಿಂಗ್ ಪಿನ್ ಮೇಲೆ, ಅಂದರೆ ಕುದುರೆಯ ಏಟು ತಿಂದು ಪ್ರೈಮರನ್ನು ಚುಚ್ಚುವ ಕಡ್ಡಿಯ ಮೇಲೆ. ಚೆಕೊಸ್ಲೊವಾಕಿಯಾದ ಈ ಪಿಸ್ತೂಲಿನ ಮೂಲ ಪಿನ್ ಎರಕದ್ದು, ಬಲು ಪೆಡಸು. ಖಾಲಿ ಚೇಂಬರಿನಲ್ಲಿ (ತೋಟೆ ಕೂರುವ ಜಾಗ) ಸುಮ್ನೆ ಟ್ರಿಗರ್ ಒತ್ತುವ ಅಭ್ಯಾಸ ಇದ್ದರೆ ತುದಿ ಮುರಿಯುವುದು ಮಾಮೂಲು.

ಮೊದಲು ಮ್ಯಾಗಜೀನ್ ತೆಗೆಯಿರಿ, ಚೇಂಬರ್ ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಬಿಚ್ಚಿ, ಅದರೊಳಗೆ ಪಿನ್ನನ್ನು ತಡೆಯುವ ಸ್ಪ್ರಿಂಗ್ ಗುಬಟನ್ನು ಒತ್ತಿ ಹಿಡಿದು, ಪಿನ್ನನ್ನು ಹಿಂದಿನಿಂದ ಒತ್ತಿ. ದುಂಡಗಿನ ತುದಿ ಮುಂದೆ ಇಣುಕಬೇಕು. ಇಣುಕದಿದ್ದರೆ, ಚೂಪಾಗಿ ಒಡೆದಿದ್ದರೆ ಪಿನ್ ಬದಲಿಸಿ. ಬೆಸುಗೆ ಹಾಕಿಸುವ ಉಳಿತಾಯ ಬೇಡ. ಗಟ್ಟಿ ಉಕ್ಕಿನಲ್ಲಿ ಕಡೆದ ಹೊಸ ಪಿನ್ ಸಿಗುತ್ತದೆ, ಅದನ್ನೇ ಹಾಕಿ.

ತುದಿ ಸರಿಯಾಗಿದ್ದರೆ? ಪಿನ್ ಓಡಾಡುವ ರಂಧ್ರ ನೋಡಿ. ಉಗ್ರಾಣದಲ್ಲಿಡುವಾಗ ಬಳಿದ ಗ್ರೀಸ್ ಅಲ್ಲಿ ಮೇಣದಂತೆ ಗಟ್ಟಿಯಾಗಿ ಪಿನ್ನನ್ನು ಹಿಡಿದಿರಬಹುದು. ಕರಗಿಸಿ ತೆಗೆದರೆ ಎಷ್ಟೋ ಸಲ ಅಷ್ಟೇ ಸಾಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ತೋಟೆ ತುಂಬಿದಾಗ ಸೇಫ್ಟಿ ಲಿವರನ್ನು ಮೇಲೆ ತಳ್ಳಿ ಕುದುರೆ ಇಳಿಸಬೇಡಿ. ಸವೆದ ಭಾಗಗಳಿದ್ದರೆ ಗುಂಡು ಹಾರಿಬಿಡಬಹುದು. ಆ ಭಾಗಗಳನ್ನು ನೀವೇ ಅರದಿಂದ ಉಜ್ಜಲೂ ಹೋಗಬೇಡಿ. ಆ ಕೆಲಸ ಬಂದೂಕು ರಿಪೇರಿಯವರಿಗೇ ಬಿಡಿ.